ಹುಳದಕ್ಕ ಬರೆದ ‘ಕಾಣಲಿಲ್ಲ’

“ಹುಳದಕ್ಕನ ಎದುರಿಗೆ ಬಾಯಿ ಬಿಟ್ಟು ನಗಬೇಡ್ರೇ, ಹೊಟ್ಟೇಲಿ ಏನೇನಿದೆ ಅಂತ ಅಲ್ಲಿಂದಲೇ ನೋಡಿಬಿಡ್ತಾಳೆ.”

ಆ ಬೀದಿಯ ನಲ್ಲಿಕಟ್ಟೆಯಲ್ಲಿ ಕೊಡ ಇಟ್ಟುಕೊಂಡು ನಿಂತವರ ಮಾತು ಇದು. ಅವಳು ಬರುವುದು ಕಂಡರೆ ಒಬ್ಬಳು ಇನ್ನೊಬ್ಬಳನ್ನು ಮೊಣಕೈಯಿಂದ ತಿವಿಯುತ್ತಿದ್ದಳು. ಅಂಗಡಿಯವನು “ಕೈಗೆ ಕೊಡಬೇಡಿ ಅಕ್ಕ, ಅಲ್ಲೇ ಕಟ್ಟೆ ಮೇಲಿಡಿ” ಎನ್ನುತ್ತಿದ್ದ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿದ್ದರೂ ಬೀದಿಯವರು ಕಂಬಿ ಹಿಡಿದು ನೇತಾಡುತ್ತಿದ್ದರೇ ಹೊರತು ಕೂರುತ್ತಿರಲಿಲ್ಲ. ಹಾಗಂತ ಅವಳನ್ನು ಬಿಟ್ಟು ಅವರಿಗೆ ನಡೆಯುತ್ತಲೂ ಇರಲಿಲ್ಲ. ಬೆಳಗ್ಗೆ ಮೂಗು ಮುಚ್ಚಿಕೊಂಡವರೇ ಸಂಜೆ ಹಿತ್ತಿಲ ಬಾಗಿಲಿಗೆ ಬಂದು, ಕಾಗದದಲ್ಲಿ ಸುತ್ತಿದ ಡಬ್ಬಿಯನ್ನು ಕಳ್ಳ ಮಾಲಿನ ಹಾಗೆ ಚಾಚುತ್ತಿದ್ದರು. “ಅಕ್ಕ, ನಮ್ಮ ಮಗು ನಿದ್ದೇಲಿ ಹಲ್ಲು ಕಡಿಯುತ್ತೆ. ಸ್ವಲ್ಪ ನೋಡಿಬಿಡಕ್ಕ. ನಮ್ಮೋರಿಗೆ ಮಾತ್ರ ಹೇಳಬೇಡ.”

ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಗಳ ಮಲ ಪರೀಕ್ಷೆ ಮಾಡುವುದು ಅವಳ ಕೆಲಸ. ರಕ್ತ ನೋಡುವವರಿಗೆ ಗಾಜಿನ ಬಾಗಿಲಿನ ಕೋಣೆ, ಎ.ಸಿ., ತಿರುಗುವ ಕುರ್ಚಿ. ಅವಳದು ಕಾರಿಡಾರಿನ ಕಟ್ಟಕಡೆಯ ಕೋಣೆ. ಪೂರ್ತಿ ಮುಚ್ಚದ ಒಂದು ಕಿಟಕಿ, ಹಳದಿಗಟ್ಟಿದ ಸಿಂಕು, ತಿರುಗಿದರೆ ಎತ್ತಿನಗಾಡಿಯ ಹಾಗೆ ಸದ್ದು ಮಾಡುವ ಫ್ಯಾನು. ಮೇಜಿನ ಮೇಲೆ ಒಂದು ಮೈಕ್ರೋಸ್ಕೋಪು. ಗಾಜಿನ ಚೂರಿನ ಒಂದು ಕಡೆ ಉಪ್ಪುನೀರಿನ ಹನಿ, ಇನ್ನೊಂದು ಕಡೆ ಅಯೊಡಿನ್ ಹನಿ. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ಎರಡರಲ್ಲೂ ಕಲಸಿ, ಮೇಲೆ ತೆಳುವಾದ ಗಾಜು ಮುಚ್ಚಿ, ಹೊಲ ಉಳುವವರ ಹಾಗೆ ಈ ತುದಿಯಿಂದ ಆ ತುದಿಗೆ, ಮತ್ತೆ ಆ ತುದಿಯಿಂದ ಈ ತುದಿಗೆ ಸಾಲು ಬಿಡದೆ ನೋಡಿಕೊಂಡು ಹೋಗಬೇಕು. ಮೊಟ್ಟೆಗಳು ಸಿಗುತ್ತವೆ, ಮರಿಗಳು ಸಿಗುತ್ತವೆ, ಕೆಲವು ಸಲ ಏನೂ ಸಿಗುವುದಿಲ್ಲ.

ಅವಳು ಅಲ್ಲಿಗೆ ಮೊದಲು ಬಂದದ್ದು ಬಾಟಲಿ ತೊಳೆಯಲು. ಲ್ಯಾಬಿನಲ್ಲಿ ಆಗ ಹಿರಿಯನೊಬ್ಬನಿದ್ದ, ಎಲ್ಲರೂ ಮೀಸೆಯಣ್ಣ ಅನ್ನುತ್ತಿದ್ದರು. ಓದಿಸಿ, ಪರೀಕ್ಷೆ ಕಟ್ಟಿಸಿ, ಕುರ್ಚಿಯ ಮೇಲೆ ಕೂರಿಸಿದವನು ಅವನೇ. ಅವನು ಕಲಿಸಿದ ಮೊದಲ ಪಾಠ ಮೈಕ್ರೋಸ್ಕೋಪಿನದಲ್ಲ, ಒಂದು ಮಾತಿನದು.

“ರಿಪೋರ್ಟಲ್ಲಿ ‘ಇಲ್ಲ’ ಅಂತ ಬರೀಬೇಡ ತಾಯಿ. ‘ಕಾಣಲಿಲ್ಲ’ ಅಂತ ಬರಿ. ಇಲ್ಲ ಅನ್ನೋಕೆ ನೀನೇನು ದೇವರಾ? ನೀನು ನೋಡಿದ್ದು ಸಾಸಿವೆಯಷ್ಟು. ಉಳಿದಿದ್ದು ಅವನ ಹೊಟ್ಟೇಲೇ ಇದೆ.”

ಆ ಮಾತು ಅವಳಿಗೆ ಹಿಡಿಸಿತ್ತು. ಮನೆಯಲ್ಲೂ ಅದೇ ಬಾಯಿಗೆ ಬರುತ್ತಿತ್ತು. ಗಂಡ “ಬಾಚಣಿಗೆ ಎಲ್ಲಿ, ಇಲ್ವಾ?” ಅಂದರೆ “ಕಾಣಲಿಲ್ಲ” ಅನ್ನುತ್ತಿದ್ದಳು. ಗಂಡ ಹೊಲಿಗೆ ಯಂತ್ರಗಳ ರಿಪೇರಿಯವನು. ಯಂತ್ರಗಳ ಜೊತೆ ಆಡುವಷ್ಟು ಮಾತನ್ನು ಮನುಷ್ಯರ ಜೊತೆ ಆಡುವವನಲ್ಲ.

ಆ ಮನೆಯಲ್ಲಿ ಮಾತೆಲ್ಲ ಅತ್ತೆಯದು. ಬೀದಿ ಆಕೆಗೂ ಒಂದು ಹೆಸರಿಟ್ಟಿತ್ತು: ಉಜ್ಜಮ್ಮ. ಬೆಳಗಾದರೆ ಮೆಟ್ಟಿಲು ಉಜ್ಜುವಳು, ಮಧ್ಯಾಹ್ನ ಪಾತ್ರೆ ಉಜ್ಜುವಳು, ಸಂಜೆ ಇನ್ನೇನೂ ಸಿಗದಿದ್ದರೆ ಮೊಮ್ಮಗಳ ಬೆನ್ನು ಉಜ್ಜುವಳು. ಹುಡುಗಿಯಾಗಿದ್ದಾಗ ಹೊಳೆದಂಡೆಯ ತರಕಾರಿ ತೋಟಗಳಲ್ಲಿ ಬರಿಗಾಲಲ್ಲಿ ಮೊಣಕಾಲುದ್ದ ಗೊಬ್ಬರದ ಕೆಸರು ತುಳಿದು ಕೂಲಿ ಮಾಡಿದವಳು. ಸಿಮೆಂಟು ನೆಲದ ಮನೆಗೆ ಬಂದ ದಿನವೇ ಆ ಕೆಸರನ್ನು ಬಾಯಿಂದಲೂ ತೊಳೆದುಹಾಕಿದ್ದಳು. ಯಾರಾದರೂ ಹಳೆಯ ಪರಿಚಯದವರು “ತೋಟದಲ್ಲಿ ನಾವಿಬ್ರೂ...” ಅಂತ ಶುರು ಮಾಡಿದರೆ, “ಯಾವ ತೋಟ? ನಿಂಗೆ ಯಾರೋ ಬೇರೆಯೋರು ನೆನಪಾಗಿರಬೇಕು” ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಂಥವಳ ಮನೆಗೆ ಸೊಸೆಯಾಗಿ ಬಂದವಳು ಇವಳು. ಸಂಬಂಧ ಕೂಡಿಸಿದವರು “ಆಸ್ಪತ್ರೇಲಿ ಕೆಲಸ” ಎಂದಷ್ಟೇ ಹೇಳಿದ್ದರು. ಉಜ್ಜಮ್ಮ ಬಿಳಿ ಟೋಪಿಯ ನರ್ಸನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ನಿಜ ಗೊತ್ತಾದಾಗ ಹಣೆ ಹಣೆ ಚಚ್ಚಿಕೊಂಡಳು.

“ಹೇಲು ಕೆದಕೋ ಕೋಳೀನ ತಂದು ನನ್ನ ಮನೇಲಿ ಬಿಟ್ಟರಲ್ಲಪ್ಪಾ!”

ಅಂದಿನಿಂದ ಸೊಸೆಗೆ ಬೇರೆ ಸೋಪು, ಬೇರೆ ಲೋಟ, ಒಲೆಯ ಕಡೆಗೆ ಬರಬಾರದೆಂಬ ಅಪ್ಪಣೆ. ಕೆಲಸದಿಂದ ಬಂದವಳು ಹಿತ್ತಿಲಲ್ಲೇ ಮೈ ತೊಳೆದು, ಬಟ್ಟೆ ಬದಲಿಸಿ, ಒಳಗೆ ಬಂದು ಬಾಗಿಲ ಬಳಿ ಕೂತರೆ ತಟ್ಟೆ ಬರುತ್ತಿತ್ತು. ಗಂಡನಿಗೆ ಹೇಳಿದರೆ ಅವನದು ಒಂದೇ ಉತ್ತರ: “ಅಮ್ಮ ಹಾಗೇನೇ, ಬಿಡು.”

ಅವಳು ಬಿಟ್ಟಳು. ಸೋಪು ಬಿಟ್ಟಳು, ಲೋಟ ಬಿಟ್ಟಳು, ಒಲೆಯನ್ನೂ ಬಿಟ್ಟಳು. ಬಿಡಲಾಗದ್ದು ಒಂದೇ, ಮಗಳು. ಮಗು ಎದೆಹಾಲು ಬಿಟ್ಟ ಮರುದಿನದಿಂದ ಅಜ್ಜಿಯ ಮಡಿಲಿಗೆ ಹೋಗಿತ್ತು. “ಬಂಗಾರಿ, ನಿಮ್ಮಮ್ಮನ ಕೈ ಮೂಸಿ ನೋಡು” ಎಂದು ಅಜ್ಜಿ ಆಟವಾಡಿಸುವಳು. ಮಗು ಮೂಸಿ, ಮೂಗು ಸೊಟ್ಟ ಮಾಡಿ, “ಥೂ!” ಅನ್ನುವುದು. ಅಜ್ಜಿ ಚಪ್ಪಾಳೆ ತಟ್ಟಿ ನಗುವಳು. ಮಗು ಬೆಳೆದು ಶಾಲೆಗೆ ಹೋಗುವ ಹುಡುಗಿಯಾದರೂ ಆಟ ನಿಲ್ಲಲಿಲ್ಲ. ತಾಯಿ ಸುಲಿದುಕೊಟ್ಟ ಬಾಳೆಹಣ್ಣನ್ನು ಕಿಟಕಿಯಾಚೆ ಎಸೆಯುತ್ತಿದ್ದಳು. ತಾಯಿಗೆ ಈ ಲೋಕದಲ್ಲಿ ಇನ್ನೇನೂ ಬೇಕಿರಲಿಲ್ಲ, ಮಗಳು ತನ್ನ ಕೈಯಿಂದ ಒಂದು ತುತ್ತು ತಿನ್ನಬೇಕು, ಅಷ್ಟೇ. ಆಸ್ಪತ್ರೆಯ ಸಿಂಕಿನಲ್ಲಿ ಅವಳು ಕೈ ತೊಳೆಯುವುದನ್ನು ನೋಡಿದವರು, “ಸಾಕು ಮಾರಾಯ್ತಿ, ಚರ್ಮ ಕಿತ್ತುಬರುತ್ತೆ” ಅನ್ನುತ್ತಿದ್ದರು.

ಹೀಗಿರುವಾಗ ಉಜ್ಜಮ್ಮನಿಗೆ ಉಬ್ಬಸ ಹೆಚ್ಚಾಯಿತು. ಹಳೆಯ ಕಾಯಿಲೆಯೇ, ಆದರೆ ಈ ಸಲ ಎರಡು ಹೆಜ್ಜೆ ಹಾಕಿದರೆ ಗೋಡೆ ಹಿಡಿಯುವಂತಾಯಿತು. ರಕ್ತವೂ ಕಡಿಮೆ ಇದೆಯೆಂದು ಮೊದಲಿನಿಂದಲೇ ಕಬ್ಬಿಣದ ಮಾತ್ರೆ ನುಂಗುತ್ತಿದ್ದಳು. ಕೊನೆಗೆ ಮಗ ಆಟೋದಲ್ಲಿ ಕೂರಿಸಿಕೊಂಡು ಅದೇ ದೊಡ್ಡ ಆಸ್ಪತ್ರೆಗೆ ತಂದು ಸೇರಿಸಿದ. ಜೊತೆಗಿರಲು ಅವಳ ಮಗಳು, ನಮ್ಮ ಹುಳದಕ್ಕನ ನಾದಿನಿ ಬಂದಳು. ಎರಡು ಬೀದಿ ಆಚೆ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ತಾಯಿ ಹಾಕಿದ ಗೆರೆ ದಾಟಿದವಳಲ್ಲ.

ಮನೆಯಲ್ಲಿ ಒಲೆ ಖಾಲಿಯಾಯಿತು. ಗಂಡನಿಗೆ ನೀರು ಕಾಯಿಸುವುದು ಬಿಟ್ಟರೆ ಏನೂ ಬಾರದು. ಹುಳದಕ್ಕ ಮೊದಲ ಬಾರಿಗೆ ಅಡುಗೆಮನೆಗೆ ಹೋಗಿ ನಿಂತಳು. ಉಪ್ಪಿನ ಡಬ್ಬಿ ಯಾವುದು ಸಕ್ಕರೆ ಡಬ್ಬಿ ಯಾವುದು ಎಂದು ತನ್ನ ಮನೆಯಲ್ಲೇ ಮುಚ್ಚಳ ತೆಗೆದು ನೆಕ್ಕಿ ನೋಡಬೇಕಾಯಿತು. ಮೊಟ್ಟೆ ಹುರಿದಳು. ಮಗಳು ದೂರದಲ್ಲಿ ಕೂತು, ಚಮಚದ ತುದಿಯಿಂದ ಒಂದಿಷ್ಟು ಎತ್ತಿ, ಕಣ್ಣು ಮುಚ್ಚಿ ಬಾಯಿಗಿಟ್ಟಳು.

“ಹೇಗಿದೆ?”

“ಅಜ್ಜಿ ಮಾಡೋದಕ್ಕಿಂತ ಖಾರ ಕಮ್ಮಿ,” ಅಂದಳು. ಸ್ವಲ್ಪ ಹೊತ್ತಿನ ಮೇಲೆ, “ಇನ್ನೂ ಇದೆಯಾ?”

ದಿನ ಕಳೆದಂತೆ ಚಮಚ ಹೋಯಿತು. ಒಂದು ಸಂಜೆ ಹುಡುಗಿಯ ಎರಡೂ ಕೈಗೆ ಬಣ್ಣ ಮೆತ್ತಿತ್ತು, ಶಾಲೆಗೆ ಏನೋ ಚಿತ್ರ ಬರೆಯುತ್ತಿದ್ದಳು. ಹಸಿವು ತಡೆಯದೆ ಬಾಯಿ ತೆರೆದು, “ಆ...” ಅಂದಳು. ತಾಯಿ ಕೈಯಿಂದ ತುತ್ತಿಟ್ಟಳು. ಹುಡುಗಿ ಚಿತ್ರದಿಂದ ತಲೆ ಎತ್ತದೆ ಅಗಿದು ನುಂಗಿ, ಮತ್ತೆ “ಆ...” ಅಂದಳು. ತಾಯಿ ಮುಂದಿನ ತುತ್ತಿನ ಅವಸರದಲ್ಲಿ ಅರ್ಧ ಅನ್ನವನ್ನು ಚಿತ್ರದ ಮೇಲೇ ಚೆಲ್ಲಿದಳು.

ಅತ್ತ ವಾರ್ಡಿನಲ್ಲಿ ಡಾಕ್ಟರಮ್ಮ ಉಜ್ಜಮ್ಮನ ರಕ್ತದ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದ್ದಳು. ಸೊಸೆಯನ್ನು ಕರೆಸಿ ವಿವರವಾಗಿ ಹೇಳಿದಳು.

“ನಿಮ್ಮತ್ತೆ ರಕ್ತ ನೋಡಿದ್ರೆ ಹೊಟ್ಟೇಲಿ ಹುಳ ಇರೋ ಅನುಮಾನ. ಮಣ್ಣಲ್ಲಿ ಬರಿಗಾಲಲ್ಲಿ ಓಡಾಡಿದೋರಿಗೆ ಕಾಲಿಂದ ಹತ್ತೋ ಹುಳ ಅದು, ಮೈಯಲ್ಲೇ ಮರಿ ಮಾಡ್ಕೊಂಡು ಎಷ್ಟೋ ವರ್ಷ ಇದ್ದುಬಿಡುತ್ತೆ, ನಿಮಗೆ ಗೊತ್ತಲ್ಲ. ಉಬ್ಬಸಕ್ಕೆ ನಾನೀಗ ಸ್ಟೀರಾಯ್ಡ್ ಕೊಡಬೇಕು. ಹುಳ ಇದ್ದು ಸ್ಟೀರಾಯ್ಡ್ ಕೊಟ್ಟರೆ ಅದು ಮೈಯೆಲ್ಲಾ ಹಬ್ಬುತ್ತೆ, ಆಮೇಲೆ ಉಳಿಸೋದು ಕಷ್ಟ. ಮೊದಲೇ ಹುಳದ ಮಾತ್ರೆ ಕೊಟ್ಟುಬಿಡೋಣ ಅಂದ್ರೆ, ಈಯಮ್ಮ ಆ ಮಾತ್ರೆ ಕಂಡರೆ ಉಗೀತಾರೆ.”

ಉಗಿದದ್ದು ಹೌದು. “ನಂಗೆ ಹುಳಾನಾ? ಹುಳ ಇರೋದು ಕೊಳಕರಿಗೆ! ನನ್ನ ಹೊಟ್ಟೇಲಿ ಇದೆ ಅಂತ ತೋರಿಸಿ, ಆಮೇಲೆ ನುಂಗಿಸಿ” ಎಂದು ಇಡೀ ವಾರ್ಡಿಗೆ ಕೇಳುವಂತೆ ಉಬ್ಬಸದ ನಡುವೆಯೇ ಕೂಗಿದ್ದಳು.

“ಹಾಗಾದ್ರೆ ತೋರಿಸೋಣ. ನೀವೇ ನೋಡಿ, ಚೆನ್ನಾಗಿ ನೋಡಿ. ನಿಮ್ಮ ರಿಪೋರ್ಟಿನ ಮೇಲೆ ಮುಂದಿನದು,” ಎಂದಳು ಡಾಕ್ಟರಮ್ಮ.

ಡಬ್ಬಿ ಬಂತು. ಮೇಲೆ ಚೀಟಿಯಲ್ಲಿ ಅತ್ತೆಯ ಹೆಸರು, ವಾರ್ಡು, ಹಾಸಿಗೆ. ಹುಳದಕ್ಕ ಮುಚ್ಚಳ ತೆಗೆದಳು.

ಹಳದಿ.

ಕಬ್ಬಿಣದ ಮಾತ್ರೆ ನುಂಗುವವರದು ಕಪ್ಪಗಿರುತ್ತದೆ, ಡಾಂಬರಿನ ಹಾಗೆ. ಆ ಕೋಣೆಯಲ್ಲಿ ಕಸ ಗುಡಿಸುವವರಿಗೂ ಗೊತ್ತಿರುವ ಸಂಗತಿ. ಸಾಲದ್ದಕ್ಕೆ ಅದರಲ್ಲಿ ಮುಸುಕಿನ ಜೋಳದ ಸಿಪ್ಪೆಗಳು ಇಡಿಯಾಗಿ ಕಾಣುತ್ತಿದ್ದವು. ಉಜ್ಜಮ್ಮನ ಬಾಯಲ್ಲಿ ಹೆಸರಿಗೊಂದು ಹಲ್ಲಿಲ್ಲ. ಯಾರದೋ ಡಬ್ಬಿ ಯಾರದೋ ಹೆಸರಲ್ಲಿ ಬಂದಿದೆ.

ವಾರ್ಡಿನಲ್ಲಿ ಗಲಿಬಿಲಿಯಾಗಿರಬಹುದು ಎಂದುಕೊಂಡು ಅವಳು ಹೊಸ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು. ಭೇಟಿಯ ಸಮಯ. ಉಜ್ಜಮ್ಮ ದಿಂಬಿಗೊರಗಿ ಕೂತಿದ್ದಳು. ಕಾಲ ಬಳಿ ನಾದಿನಿ, ಮಡಿಲಿಗೆ ಆನಿಕೊಂಡು ಶಾಲೆಯಿಂದ ನೇರ ಬಂದ ಮೊಮ್ಮಗಳು. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡ ಹೆಂಗಸೊಬ್ಬಳು ಬೇಯಿಸಿದ ಜೋಳದ ತೆನೆ ಕಚ್ಚುತ್ತಿದ್ದಳು. ಅದನ್ನು ನೋಡಿದ ಕೂಡಲೇ ಇವಳಿಗೆ ಎಲ್ಲವೂ ತಿಳಿಯಿತು. ಗಲಿಬಿಲಿಯಲ್ಲ. ನಾದಿನಿಯ ಕಣ್ಣು ನೆಲ ನೋಡಿತು.

“ಅತ್ತೆ, ಇನ್ನೊಂದ್ಸಲ ಸ್ಯಾಂಪಲ್ ಬೇಕು,” ಎಂದಳು ಮೆಲ್ಲಗೆ.

“ಯಾಕೆ? ಕೊಟ್ಟಾಯ್ತಲ್ಲ, ಸಾಕಾಗಲಿಲ್ವಾ? ಮಡಕೆ ತುಂಬ ಕೊಡಬೇಕಿತ್ತಾ?” ವಾರ್ಡು ನಕ್ಕಿತು. ನಗು ಕೇಳಿದರೆ ಉಜ್ಜಮ್ಮನಿಗೆ ಉಬ್ಬಸವೂ ಮರೆಯುತ್ತಿತ್ತು. “ನೋಡ್ರಮ್ಮ, ನನ್ನ ಸೊಸೆಗೆ ನನ್ನ ಮೇಲೆ ಎಷ್ಟು ಪ್ರೀತಿ! ಬೇರೆ ಸೊಸೆಯಂದಿರು ಅತ್ತೆ ಮುಖ ನೋಡ್ತಾರೆ, ಇವಳು ಅತ್ತೆ ಹೇಲು ನೋಡ್ತಾಳೆ.”

“ಅತ್ತೆ, ಹುಡುಗಾಟ ಅಲ್ಲ ಇದು. ನಿಮ್ಮ ಜೀವದ ಮಾತು.”

“ನನ್ನ ಜೀವ ನನ್ನ ಹತ್ರ ಭದ್ರವಾಗಿದೆ. ನಿಂಗೆ ಬೇಕಾಗಿರೋದು ನನ್ನ ಮಾನ. ಉಜ್ಜಮ್ಮನ ಹೊಟ್ಟೇಲಿ ಹುಳ ಇತ್ತು ಅಂತ ನಲ್ಲಿಕಟ್ಟೇಲಿ ಡಂಗುರ ಹೊಡೀಬೇಕು ನೀನು.” ಆಮೇಲೆ ಮೊಮ್ಮಗಳ ಗಲ್ಲ ಹಿಡಿದು ಎತ್ತಿದಳು. “ಬಂಗಾರಿ, ನಿಜ ಹೇಳು. ಇವಳ ಕೈಯಿಂದ ಏನಾದ್ರೂ ತಿಂದ್ಯಾ?”

ಹುಡುಗಿ ತಾಯಿಯ ಕಡೆ ನೋಡಿದಳು, ಅಜ್ಜಿಯ ಕಡೆ ನೋಡಿದಳು, ನಗಲು ಕಾದಿದ್ದ ವಾರ್ಡಿನ ಕಡೆ ನೋಡಿದಳು.

“ಥೂ! ಇಲ್ಲಪ್ಪ,” ಎಂದಳು. “ಅಪ್ಪ ಹೋಟೆಲಿಂದ ತರ್ತಾರೆ. ಇವಳು ಮಾಡಿದ್ದು ನಾಯಿಗೆ ಹಾಕ್ತೀನಿ.”

ವಾರ್ಡು ಇನ್ನೊಮ್ಮೆ ನಕ್ಕಿತು. ಜೋಳ ಕಚ್ಚುತ್ತಿದ್ದವಳಿಗೆ ನಕ್ಕು ನಕ್ಕು ಕೆಮ್ಮು ಬಂತು.

ಹುಳದಕ್ಕ ಹೊಸ ಡಬ್ಬಿಯನ್ನು ಅಲ್ಲಿ ಇಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕೆಳಗಿಳಿದಳು.

ಕೋಣೆಗೆ ಬಂದು, ಆ ಹಳದಿ ಡಬ್ಬಿಯನ್ನು ಎದುರಿಗಿಟ್ಟುಕೊಂಡು, ಪರೀಕ್ಷೆಯನ್ನು ಒಂದಿಷ್ಟೂ ಲೋಪವಿಲ್ಲದೆ ಮಾಡಿದಳು. ಉಪ್ಪುನೀರಿನಲ್ಲಿ ನೋಡಿದಳು, ಅಯೊಡಿನ್ನಿನಲ್ಲಿ ನೋಡಿದಳು. ಈ ಹುಳಕ್ಕೆಂದೇ ಇನ್ನೊಂದು ವಿಧಾನವಿದೆ. ಗಾಜಿನ ಆಲಿಕೆಯಲ್ಲಿ ಬೆಚ್ಚಗಿನ ನೀರು ತುಂಬಿ, ಬಾಯಿಗೆ ತೆಳು ಬಟ್ಟೆ ಹಾಸಿ, ಅದರ ಮೇಲೆ ಸ್ಯಾಂಪಲ್ ಇಡುವುದು. ಹುಳವಿದ್ದರೆ ಬೆಚ್ಚಗಿನ ನೀರಿಗೆ ತಾನಾಗಿ ಇಳಿದು ಆಲಿಕೆಯ ಕಾಲಿನಲ್ಲಿ ಕೂಡುತ್ತದೆ. “ಹುಳಕ್ಕೆ ಬಿಸಿನೀರು ಅಂದ್ರೆ ತವರುಮನೆ ಕಣಮ್ಮ, ಕರೀದೇನೇ ಬರುತ್ತೆ” ಎನ್ನುತ್ತಿದ್ದ ಮೀಸೆಯಣ್ಣ. ಅದನ್ನೂ ಮಾಡಿದಳು. ಆಲಿಕೆಯ ಕಾಲಿಂದ ಹನಿ ತೆಗೆದು ಸಾಲು ಬಿಡದೆ ಉತ್ತಳು. ಕಾಲು ಮುರಿದ ಹೆಂಗಸಿನ ಹೊಟ್ಟೆ ಕನ್ನಡಿಯ ಹಾಗೆ ಶುದ್ಧವಾಗಿತ್ತು.

ಡಾಕ್ಟರಮ್ಮನಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಇದು ಅವರದಲ್ಲ, ಇಷ್ಟೇ. ಫೋನು ಮೇಜಿನ ಮೇಲೇ ಇತ್ತು.

ಅವಳು ರಿಪೋರ್ಟಿನಲ್ಲಿ ಬರೆದಳು: ಹುಳ, ಮರಿ, ಮೊಟ್ಟೆ ಯಾವುದೂ ಕಾಣಲಿಲ್ಲ. ಸಹಿ ಹಾಕಿದಳು. ಸುಳ್ಳೇನಲ್ಲ. ಕೊಟ್ಟ ಡಬ್ಬಿಯಲ್ಲಿ ಕಾಣಲಿಲ್ಲ, ನಿಜವೇ. ಡಾಕ್ಟರಮ್ಮ ಎಚ್ಚರದವಳು, ಬೇರೆ ದಿನದ ಇನ್ನೊಂದು ಸ್ಯಾಂಪಲ್ ಕೇಳಿದಳು. ಅದೂ ಹಳದಿಯಾಗಿಯೇ ಬಂತು. ಅದಕ್ಕೂ ಅದೇ ಮಾತು, ಅದೇ ಸಹಿ. ಎರಡನೆಯ ಸಲ ಬರೆಯುವಾಗ ಅಕ್ಷರ ಮೊದಲಿನದಕ್ಕಿಂತ ದುಂಡಗಿತ್ತು.

ಸ್ಟೀರಾಯ್ಡ್ ಶುರುವಾಯಿತು. ಉಜ್ಜಮ್ಮನ ಉಸಿರು ತೆರೆದುಕೊಂಡಿತು. ಎದ್ದು ಕೂತಳು, ಓಡಾಡಿದಳು, ವಾರ್ಡಿನ ಕಿಟಕಿಯ ಕಂಬಿಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಿದಳು. “ಹುಳವಂತೆ ಹುಳ! ನೋಡಿದ್ರಾ, ಅವಳ ಕೈಯಲ್ಲೇ ‘ಇಲ್ಲ’ ಅಂತ ಬರೆಸಿದೆ” ಎಂದು ಹಾಸಿಗೆ ಹಾಸಿಗೆಗೆ ಹೋಗಿ ಹೇಳಿದಳು. ಮನೆಗೆ ಕಳಿಸುವ ಮಾತು ನಡೆಯುತ್ತಿತ್ತು.

ಆಮೇಲೆ ಹೊಟ್ಟೆನೋವು ಬಂತು, ಜ್ವರ ಬಂತು. ಹೊಟ್ಟೆಯ ಮೇಲೆ ಚರ್ಮದಡಿಯಲ್ಲಿ ಯಾರೋ ಕೆಂಪು ಪೆನ್ಸಿಲಿನಿಂದ ಗೀಚಿದ ಹಾಗೆ ಗೆರೆಗಳು ಎದ್ದವು. ಕೆಮ್ಮಿದರೆ ರಕ್ತ. ಆ ಕಫವನ್ನು ಲ್ಯಾಬಿಗೆ ಕಳಿಸಿದರು. ಈ ಸಲ ಡಬ್ಬಿ ತುಂಬಿಸಿದ್ದು ನರ್ಸು, ಅದಲು ಬದಲಿಗೆ ಜಾಗವಿರಲಿಲ್ಲ.

ಹುಳದಕ್ಕ ಗಾಜಿನ ಮೇಲೆ ಹನಿ ಇಟ್ಟು ಕಣ್ಣು ಹಚ್ಚಿದಳು. ಹುಡುಕುವ ಕೆಲಸವೇ ಇರಲಿಲ್ಲ. ಒಂದರ ಮೇಲೊಂದು ಹೊರಳಿ, ಚಾಟಿ ಬೀಸಿದ ಹಾಗೆ ಮೈ ಬೀಸುತ್ತಾ ಗಿಜಿಗಿಜಿ ಅನ್ನುತ್ತಿದ್ದವು. ಹೊಳೆದಂಡೆಯ ಆ ತೋಟ ಅಷ್ಟು ವರ್ಷ ಕಾದಿದ್ದು ಈಗ ಎದ್ದು ಬಂದಿತ್ತು. ಅವಳು ಓಡಿದಳು. ಅದನ್ನು ಇಲ್ಲವೆನ್ನುವ ಹಾಗಿಲ್ಲ, ನಿಜವಾಗಿ ಓಡಿದಳು. ಮೆಟ್ಟಿಲಲ್ಲಿ ಚಪ್ಪಲಿ ಕಳಚಿ ಬಿದ್ದರೂ ನಿಲ್ಲಲಿಲ್ಲ. ಡಾಕ್ಟರಮ್ಮ ಸ್ಟೀರಾಯ್ಡ್ ನಿಲ್ಲಿಸಿ, ಮಾತ್ರೆ ಅರೆದು ಮೂಗಿನ ನಳಿಗೆಯಲ್ಲಿ ಬಿಡಿಸಿದಳು. ಹೊತ್ತು ಮೀರಿತ್ತು.

“ಮೊದಲಿನ ಎರಡರಲ್ಲೂ ಒಂದೂ ಕಾಣಲಿಲ್ವಾ?” ಎಂದು ಕೇಳಿದಳು ಡಾಕ್ಟರಮ್ಮ.

“ಕೊಟ್ಟ ಡಬ್ಬೀಲಿ ಕಾಣಲಿಲ್ಲ ಡಾಕ್ಟ್ರೇ.”

“ಒಮ್ಮೊಮ್ಮೆ ಹಾಗಾಗುತ್ತೆ. ಈ ಹುಳ ಬಲು ಕಳ್ಳ. ನೀವು ಮನಸ್ಸಿಗೆ ಹಚ್ಕೋಬೇಡಿ.”

ಉಜ್ಜಮ್ಮ ಕೊನೆಯ ದಿನ ಆಕ್ಸಿಜನ್ ಮಾಸ್ಕಿನೊಳಗೆ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ನಾದಿನಿ ಔಷಧಿ ತರಲು ಹೋಗಿದ್ದಳು. ಸೊಸೆ ಹತ್ತಿರ ಹೋಗಿ ಒದ್ದೆ ಬಟ್ಟೆಯಿಂದ ಹಣೆ ಒರೆಸಲು ಕೈ ಚಾಚಿದಳು. ಮುದುಕಿ ಅಷ್ಟು ಸಂಕಟದಲ್ಲೂ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಸೊಸೆ ಬಟ್ಟೆಯನ್ನು ಬಟ್ಟಲಿಗೆ ಹಾಕಿ, ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದಳು.

“ಅತ್ತೆ, ನಿಮ್ಮ ಹುಳ ನೋಡಿದೆ. ತುಂಬಾ ಇದಾವೆ.”

ಮುದುಕಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಮತ್ತೆ ತೆರೆದದ್ದನ್ನು ಯಾರೂ ನೋಡಲಿಲ್ಲ.

ಸಾವಿನ ಮನೆಗೆ ಬೀದಿಯೆಲ್ಲ ಬಂತು. ನಲ್ಲಿಕಟ್ಟೆಯವರು ಮೂಲೆಯಲ್ಲಿ ಗುಸುಗುಸು ಶುರುಮಾಡಿದರು. ಊರಿನೋರ ಹೊಟ್ಟೇದೆಲ್ಲ ಕಂಡಿತಂತೆ, ಸ್ವಂತ ಅತ್ತೇದು ಕಾಣಲಿಲ್ಲವಂತೆ. ಬೇಕಂತಲೇ ಬಿಟ್ಟಿರಬಹುದಲ್ವಾ? ಗುಸುಗುಸು ಗಟ್ಟಿಯಾಗುತ್ತಾ ಹೋಯಿತು. ಆಗ, ತಾಯಿಯ ಮಂಚದ ಕಾಲು ಹಿಡಿದು ಕೂತಿದ್ದ ನಾದಿನಿ ಎದೆ ಬಡಿದುಕೊಂಡು ಕೂಗಿದಳು.

“ಅತ್ತಿಗೇದು ಏನೂ ತಪ್ಪಿಲ್ಲ! ಡಬ್ಬಿ ಬದಲಾಯಿಸಿದ್ದು ನಾನು! ಸೊಸೆ ಕೈಗೆ ನಂದು ಕೊಡಬೇಡ ಅಂತ ಅಮ್ಮ ಆಣೆ ಹಾಕಿಸಿಕೊಂಡಳು. ಪಕ್ಕದ ಹಾಸಿಗೆಯೋಳದು ತಂದುಕೊಟ್ಟೆ. ನಾನೇ ಕೊಂದೆ ಅಮ್ಮನ್ನ!”

ಮಾತೇ ಆಡದ ಅಣ್ಣ ಎದ್ದುಹೋಗಿ ತಂಗಿಯ ರಟ್ಟೆ ಹಿಡಿದು ಎಬ್ಬಿಸಿ, ಬಾಗಿಲಾಚೆ ಬಿಟ್ಟು, “ಈ ಮೆಟ್ಟಿಲು ಹತ್ತಬೇಡ” ಎಂದ. ಎಲ್ಲರ ಕಣ್ಣೂ ಹುಳದಕ್ಕನ ಕಡೆ ತಿರುಗಿತು. ಅವಳು ಆಗ ಬಾಯಿ ತೆರೆಯಬಹುದಿತ್ತು. ತಲೆ ತಗ್ಗಿಸಿ ಕೂತಳು. ತಲೆ ತಗ್ಗಿಸಿದವಳನ್ನು ಬೀದಿ ತಬ್ಬಿಕೊಂಡಿತು.

“ಪಾಪ, ಇವಳೇನು ಮಾಡ್ತಾಳೆ? ಕೊಟ್ಟಿದ್ದು ನೋಡಿದಳು.”

“ಆ ಮುದುಕಿ ಕಾಟ ತಡ್ಕೊಂಡಿದ್ದೇ ದೊಡ್ಡದು. ಚಿನ್ನದಂಥ ಹೆಣ್ಣು.”

ಬೇರೆ ಸೋಪು, ಬೇರೆ ಲೋಟದ ಕಾಲ ಮುಗಿಯಿತು. ಅಂಗಡಿಯವನು ಸಾಮಾನನ್ನು ಕೈಗೇ ಕೊಟ್ಟ. ಅಡುಗೆಮನೆಯ ಡಬ್ಬಿಗಳನ್ನು ಅವಳು ತನಗೆ ಬೇಕಾದ ಹಾಗೆ ಜೋಡಿಸಿಕೊಂಡಳು. ಮಗಳು ಅಜ್ಜಿಯನ್ನು ನೆನೆದು ಅಳುತ್ತಿದ್ದಳು, ಅತ್ತು ಸುಸ್ತಾದಾಗ ತಾಯಿಯ ಮಡಿಲಿಗೆ ಬರುತ್ತಿದ್ದಳು. ತಾಯಿ ಕಲಸಿ ಇಡುವಳು, ಮಗಳು ತಿನ್ನುವಳು. ಕೇಳಿದರೆ ಯಾರಾದರೂ ಮೂಗಿನ ಮೇಲೆ ಬೆರಳಿಡಬೇಕು, ಹುಳದಕ್ಕ ಆ ದಿನಗಳಲ್ಲಿ ಹಾಸಿಗೆಗೆ ಬೆನ್ನು ಹಚ್ಚಿದರೆ ಬೆಳಗಿನವರೆಗೆ ಸುಖವಾಗಿ ನಿದ್ದೆ ಮಾಡುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ನಾದಿನಿ ಗೇಟಿನ ಬಳಿ ಬಂದು ನಿಂತಳು. ತಲೆ ಬಾಚಿರಲಿಲ್ಲ, ಅಂಗಡಿಯ ಕೆಲಸ ಬಿಟ್ಟಿದ್ದಳು.

“ಅತ್ತಿಗೆ, ಪುಟ್ಟೀನ ಒಂದ್ಸಲ ನೋಡಿ ಹೋಗ್ತೀನಿ. ಒಳಗೆ ಬರಲ್ಲ.”

ಹುಳದಕ್ಕ ಬಾಗಿಲಿಗೆ ಬರಲಿಲ್ಲ. ಒಲೆಯ ಮುಂದಿನಿಂದಲೇ ಕೂಗಿದಳು. “ಹೆತ್ತವಳನ್ನ ಕೊಂದ ಕೈ ನಿಂದು. ಮಗೂನ ಮುಟ್ಟೋಕೆ ಬಂದ್ಯಾ? ಹೋಗು, ಬಾವೀನೋ ಕೆರೇನೋ ನೋಡ್ಕೋ.”

ಗೇಟು ಕಿರುಗುಟ್ಟಿದ ಸದ್ದು, ಆಮೇಲೆ ಹೆಜ್ಜೆಗಳು. ಊಟಕ್ಕೆ ಕೂತಿದ್ದ ಮಗಳು ತನ್ನ ಪುಟ್ಟತ್ತೆ ಹೋದ ಕಡೆಯೇ ನೋಡುತ್ತಿದ್ದಳು. ತಾಯಿ ತುತ್ತು ಕಟ್ಟಿ ಹಿಡಿದಳು. ಹುಡುಗಿ ಬಾಯಿ ತೆರೆಯಲಿಲ್ಲ.

“ಅಮ್ಮ, ಪುಟ್ಟತ್ತೆ ಕೊಟ್ಟ ಡಬ್ಬೀದು ಯಾವ ಬಣ್ಣ ಇತ್ತು?”

“ಊಟದ ಹೊತ್ತಲ್ಲಿ ಎಂಥ ಮಾತೇ ಅದು? ತಿನ್ನು.”

“ಅಜ್ಜೀದು ಕಪ್ಪಗಿರ್ತಿತ್ತು. ಆ ಮಾತ್ರೆ ತಗೊಂಡಾಗಿಂದ. ನಾನೇ ಎಷ್ಟು ಸಲ ನೀರು ಹಾಕಿದೀನಿ. ಪುಟ್ಟತ್ತೆ ಕೊಟ್ಟಿದ್ದು ಯಾವ ಬಣ್ಣ?”

ಕಪ್ಪು ಎನ್ನಬಹುದಿತ್ತು. ಹುಡುಗಿ ನಂಬುತ್ತಿದ್ದಳು, ನಂಬಲೆಂದೇ ಕೇಳಿದ್ದಳು. ತಾಯಿಯ ಬಾಯಿ ಆ ಸುಳ್ಳಿಗೆ ತಿರುಗಲಿಲ್ಲ. ನೋಡಿದ್ದನ್ನು ನೋಡಿದಂತೆ ಹೇಳಿ ಹೇಳಿ ನಾಲಗೆ ಒಂದೇ ದಾರಿಗೆ ಬಿದ್ದಿತ್ತು.

“ಹಳದಿ,” ಎಂದಳು.

“ನಿಂಗೆ ಗೊತ್ತಿತ್ತು.”

ಅದು ಪ್ರಶ್ನೆಯಾಗಿರಲಿಲ್ಲ. ತಾಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. “ಅವತ್ತು ವಾರ್ಡಲ್ಲಿ ನೀನು...” ಎಂದು ಶುರು ಮಾಡಿ, ಎದುರಿಗೆ ಕೂತವಳ ವಯಸ್ಸು ನೋಡಿ ನಿಲ್ಲಿಸಿದಳು. ಆದರೆ ಹುಡುಗಿಗೆ ಆ ಅರ್ಧ ಮಾತೂ ಸಾಕಾಯಿತು. ಅವಳ ಮುಖ ಬೂದಿಯಾಯಿತು. ಎದ್ದು, ಕೈ ತೊಳೆಯದೆ, ಚಪ್ಪಲಿ ಮೆಟ್ಟದೆ, ಎರಡು ಬೀದಿ ಆಚೆಗೆ ಓಡಿಹೋದಳು.

ಸಂಜೆ ಅವಳು ತಂದೆಯನ್ನೂ ಪುಟ್ಟತ್ತೆಯನ್ನೂ ಕರೆದುಕೊಂಡು ಬಂದಳು. ನಾದಿನಿ ಬೈಯಲಿಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಾ ನಿಂತವಳಿಗೆ ನಗು ಬಂದುಬಿಟ್ಟಿತು, ತಡೆಯಲಾರದ ನಗು, ಗೋಡೆಗೊರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಹಾಗಾದ್ರೆ ನಾನೊಬ್ಬಳೇ ಅಲ್ಲ,” ಎಂದಳು. “ಅಯ್ಯೋ ನಮ್ಮಮ್ಮ! ನಾನೊಬ್ಬಳೇ ಅಲ್ಲ.”

ಗಂಡ ಹೋಗಿ ಬೀದಿಬಾಗಿಲು ಹಾಕಿ ಬಂದ. “ಆಗಿದ್ದು ಆಗಿಹೋಯ್ತು. ಹೊರಗೆ ಗೊತ್ತಾದ್ರೆ ಇವಳ ಕೆಲಸ ಹೋಗುತ್ತೆ, ಪೊಲೀಸು ಗಿಲೀಸು ಅಂತ ಬರ್ತಾರೆ. ಎಲ್ಲರೂ ಬಾಯಿ ಮುಚ್ಕೊಂಡಿದ್ರೆ ಸರಿಹೋಗುತ್ತೆ.”

“ಸರಿಹೋಗಲ್ಲ,” ಎಂದಳು ಹುಡುಗಿ. “ಇವಳು ಇದ್ರೆ ನಾನಿರಲ್ಲ. ಅವತ್ತು ನಾನು ಹಾಗಂದಿದ್ದಕ್ಕೆ ಅಜ್ಜೀನ ಸಾಯೋಕೆ ಬಿಟ್ಟಳು. ನಾಳೆ ಇನ್ನೇನಾದ್ರೂ ಅಂದ್ರೆ?”

ಗಂಡ ಹೆಂಡತಿಯ ಕಡೆ ನೋಡಿದ. ಆ ನೋಟದಲ್ಲಿ ‘ಬಿಡು’ ಎಂಬುದಿರಲಿಲ್ಲ, ‘ಇರು’ ಎಂಬುದೂ ಇರಲಿಲ್ಲ.

ಮರುದಿನ ಬೆಳಗ್ಗೆ ಹುಳದಕ್ಕ ಬಟ್ಟೆಗಳನ್ನು ದೊಡ್ಡ ಚೀಲಕ್ಕೆ ತುಂಬಿದಳು. ಹೆಚ್ಚೇನಿರಲಿಲ್ಲ. ನಡುಮನೆಯಲ್ಲಿ ಹುಡುಗಿ ಕನ್ನಡಿಯ ಮುಂದೆ ಕೂತಿದ್ದಳು, ಪುಟ್ಟತ್ತೆ ಜಡೆ ಹಾಕುತ್ತಿದ್ದಳು. ತಾಯಿ ಚೀಲ ಕೆಳಗಿಟ್ಟು ನಿಂತಳು.

“ಚಿತ್ರದ ಪುಸ್ತಕ ಇಟ್ಕೊಂಡ್ಯಾ?”

ಕನ್ನಡಿಯಲ್ಲಿ ಹುಡುಗಿಯ ಕಣ್ಣು ಅವಳನ್ನು ಒಂದು ಸಲ ನೋಡಿ ಬೇರೆ ಕಡೆ ಹೋಯಿತು. “ಪುಟ್ಟತ್ತೆ, ಸಡಿಲ ಆಯ್ತು. ಗಟ್ಟಿಯಾಗಿ ಕಟ್ಟು,” ಎಂದಳು.

ನಾದಿನಿ ಟೇಪನ್ನು ಬಿಚ್ಚಿ ಮತ್ತೆ ಬಿಗಿದಳು. ಇಬ್ಬರೂ ತಲೆ ಎತ್ತಲಿಲ್ಲ. ಗಂಡ ಹಿತ್ತಿಲಲ್ಲಿ ಯಾವುದೋ ಯಂತ್ರದ ಚಕ್ರ ತಿರುಗಿಸುತ್ತಿದ್ದ, ತಿರುಗಿಸುತ್ತಲೇ ಇದ್ದ.

ಹುಳದಕ್ಕ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಪಕ್ಕದ ಮನೆಯವಳು ಒಗೆದ ಬಟ್ಟೆ ಹಿಂಡುತ್ತಾ ನಕ್ಕಳು.

“ಏನಕ್ಕ, ಇಷ್ಟು ಬೇಗ? ಬೆಳಗಿನ ಡ್ಯೂಟಿನಾ?”

“ಹೂಂ, ಬೆಳಗಿಂದು,” ಎಂದು ಅವಳು ಗೇಟು ಹಾಕಿದಳು. ಚೀಲ ಭಾರವಾಗಿತ್ತು, ಬೀದಿಯ ತಿರುವಿನಲ್ಲಿ ನಿಂತು ಕೈ ಬದಲಾಯಿಸಿಕೊಂಡಳು.